ಹಪ್ಪಳದ ಸೋಡಾ

ಆಗ ನಾವು ಬರೋಡಾದಲ್ಲಿದ್ದೆವು. ದಿನಸಿಯ ಖರ್ಚು ತಗ್ಗಿಸಲು ಸಾರಿನ ಪುಡಿ, ಸಂಡಿಗೆ, ಉಪ್ಪಿನಕಾಯಿ ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ಉದ್ದಿನ ಹಪ್ಪಳಕ್ಕೆ ಕೈಹಾಕಿದೆ. ಹಿಟ್ಟಿಗೆ ಬೇಕಾದ ಸೋಡಾವನ್ನು ನನ್ನ ಗಂಡ ಮೂಲೆಯಂಗಡಿಯಿಂದ ಕಾಗದದ ಪೊಟ್ಟಣದಲ್ಲಿ ತಂದುಕೊಟ್ಟಿದ್ದರು.

ಹಪ್ಪಳದ ಹಸಿ ಹಿಟ್ಟನ್ನು ಎಣ್ಣೆ ಮುಟ್ಟಿಸಿ ತಿನ್ನುವುದು ನಮ್ಮ ಕಡೆಯ ಮಕ್ಕಳ ಹಕ್ಕು. ನಮ್ಮ ಪುಟ್ಟ ಮಗಳಿಗೂ ಒಂದು ಉಂಡೆ ಕೊಟ್ಟೆ. ಅವಳು ತಿಂದು ಮುಗಿಸುವಾಗ ಇವರು ನಗುತ್ತಾ ಹೇಳಿದರು: "ಸೋಡಾ ಕೊಡಪ್ಪಾ ಅಂದ್ರೆ ಆ ಶೇಠ್ ನನಗೇ ಪರೀಕ್ಷೆ ಇಟ್ಟ ಕಣೇ. ಖಾವಾನೋ, ಧೋವಾನೋ ಅಂದ. ಏನೋ ಒಂದು, ಕಟ್ಟು ಅಂದೆ."

ಖಾವಾನೋ ಎಂದರೆ ತಿನ್ನುವುದು, ಧೋವಾನೋ ಎಂದರೆ ಬಟ್ಟೆ ಒಗೆಯುವುದು. ಅಷ್ಟು ಗುಜರಾತಿ ನನಗೆ ಬರುತ್ತಿತ್ತು.

"ಯಾವುದು ಕೊಟ್ಟ?" ಎಂದೆ. ಅವರ ನಗು ನಿಂತಿತು.

ಒಗೆಯುವ ಸೋಡಾ ಗಂಟಲನ್ನೂ ಕರುಳನ್ನೂ ಸುಡುತ್ತದೆಂದು ಕಾಲೇಜಿನಲ್ಲಿ ಓದಿದ್ದೆ. ಮಗುವಿನ ಬಾಯಿ ತೆರೆಸಿ ನೋಡಿದೆ. ನಾಲಿಗೆ ಕೆಂಪಗಿತ್ತು, ಮೆಣಸಿಗೋ ಸೋಡಾಕ್ಕೋ ತಿಳಿಯಲಿಲ್ಲ. ಅವಳನ್ನು ಎತ್ತಿಕೊಂಡು, ಪೊಟ್ಟಣ ಹಿಡಿದು, ಕೆಳಮನೆಯ ಅಜ್ಜಿಯ ಹತ್ತಿರ ಓಡಿದೆ. ಎಲ್ಲರೂ ಅವರನ್ನು 'ಬಾ', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು.

ಬಾ ಒಂದೆರಡು ಕಾಳು ಪುಡಿಯನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

"ಖಾವಾನೋ" ಎಂದರು. "ತಿನ್ನೋದೇ, ಬೇಟಾ. ಕೂತ್ಕೋ, ಮೊದಲು ನೀನು ನೀರು ಕುಡಿ."

ಮನೆಗೆ ಬಂದೊಡನೆ ಮಗಳು ಇನ್ನೊಂದು ಉಂಡೆ ಬೇಕೆಂದು ಹಟ ಹಿಡಿದಳು. ಬಾ ಹೇಳಿದ್ದನ್ನು ನಾನು ನಂಬಿದ್ದೆ. ಆದರೂ ಕೊಡಲು ಕೈ ಬರಲಿಲ್ಲ. ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೂತೇ ಇದ್ದೆ.