ಮಗಳ ಸ್ಕರ್ಟಿನ ಸೊಂಟಪಟ್ಟಿ

ಯೂನಿಫಾರ್ಮಿನ ಅಳತೆಗೆ ಬರುವ ಮಕ್ಕಳನ್ನು ಕಂಡರೆ ನನಗೆ ಬಹಳ ವರ್ಷಗಳಿಂದ ಅಸಹ್ಯ. ಅದು ಮಕ್ಕಳ ಮೇಲಲ್ಲ, ಹೆತ್ತವರ ಮೇಲೆ ಎಂದು ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಮಕ್ಕಳ ಮೇಲೂ ಇತ್ತು. ಬಾಗಲಗುಂಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಶಾಲೆ ಶುರುವಾಗುವ ಹೊತ್ತಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಮಕ್ಕಳ ಸೊಂಟಕ್ಕೆ ಟೇಪು ಸುತ್ತುತ್ತೇನೆ. ಸಂಜೆ ಐದಕ್ಕೇ ನಿಂತಲ್ಲೇ ಆಕಳಿಸುತ್ತವೆ. ಕಣ್ಣು ಅರ್ಧ ಮುಚ್ಚಿರುತ್ತದೆ, ಬಾಯಿ ಮಾತ್ರ ಆಡುತ್ತಿರುತ್ತದೆ. ಒಂದು ಕೈಯಲ್ಲಿ ಚಿಪ್ಸ್ ಪೊಟ್ಟಣ, ಇನ್ನೊಂದರಲ್ಲಿ ಅಮ್ಮನ ಮೊಬೈಲು. ಕೈ ಎತ್ತು ಎಂದರೆ ಎತ್ತುವುದಿಲ್ಲ. ಎತ್ತಿದರೆ ಆ ಎಣ್ಣೆ ಬೆರಳು ನೇರ ನನ್ನ ಬಿಳಿ ಬಟ್ಟೆಯ ಥಾನಿನ ಮೇಲೆ. ಹೊಟ್ಟೆ ಒಳಗೆಳ್ಕೋ ಎಂದು ಅಮ್ಮ ಹೇಳುತ್ತಾಳೆ, ಮಗು ಎಳೆದುಕೊಳ್ಳುತ್ತದೆ, ಟೇಪು ಒಂದಿಂಚು ಸಡಿಲವಾಗುತ್ತದೆ, ಅಮ್ಮನ ಮುಖದಲ್ಲಿ ಸಮಾಧಾನ. ಆ ಸಮಾಧಾನ ಕಂಡರೇ ನನಗೆ ಮೈ ಉರಿಯುತ್ತಿತ್ತು.

"ಸ್ವಲ್ಪ ಲೂಸಾಗಿ ಇಡಿ ಅಣ್ಣ, ಬೆಳೆಯೋ ಮಗು" ಎಂದಳು ಒಬ್ಬಾಕೆ, ಒಂದು ಸಲ.

"ಉದ್ದ ಬೆಳೆದ್ರೆ ಕೆಳಗಡೆ ಬಿಡ್ತೀನಮ್ಮ. ಇದು ಅಗಲಕ್ಕೆ ಬೆಳೀತಿದೆ."

"ನಿಮ್ಮ ಕೆಲಸ ಹೊಲಿಯೋದಲ್ವಾ? ಹೊಲೀರಿ."

ಹೊಲಿದೆ. ಚೆನ್ನಾಗಿಯೇ ಹೊಲಿದೆ. ನಾನು ಕೆಟ್ಟದಾಗಿ ಹೊಲಿದ ಬಟ್ಟೆ ಈ ಸುತ್ತಮುತ್ತ ಯಾರ ಮೈಮೇಲೂ ಇಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಯಶವಂತಪುರದ ಒಂದು ಅಂಗಡಿಯಲ್ಲಿ ಗುಂಡಿ ಹಾಕಲು ಕೂತವನು ನಾನು. ಅಲ್ಲಿನ ಮೇಷ್ಟ್ರು ಮೊದಲು ಕಲಿಸಿದ್ದು, ಮಕ್ಕಳ ಬಟ್ಟೆಯ ಕೆಳಮಡಿಕೆಯಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡಬೇಕು ಅನ್ನುವುದನ್ನು. ವರ್ಷ ಕಳೆದು ಮಗು ಉದ್ದವಾದಾಗ ಮಡಿಕೆ ಬಿಚ್ಚಿದರಾಯಿತು, ಅದೇ ಬಟ್ಟೆ ಇನ್ನೊಂದು ವರ್ಷಕ್ಕೆ ಬರುತ್ತದೆ. ಪಕ್ಕದ ಹೊಲಿಗೆಯಲ್ಲಿ ಹಾಗೆ ಬಿಡುವ ರೂಢಿ ಆಗ ಅಷ್ಟಾಗಿ ಇರಲಿಲ್ಲ. ಅದನ್ನು ನಾನು ನನ್ನ ಅಂಗಡಿಯಲ್ಲಿ ಶುರು ಮಾಡಿದೆ. ಯಾರೂ ಕೇಳದೆ ಇದ್ದರೂ ಪಕ್ಕಗಳಲ್ಲಿ, ಸೊಂಟದ ಹಿಂಭಾಗದಲ್ಲಿ ಬಟ್ಟೆ ಮಡಚಿ ಒಳಗಿಡುತ್ತಿದ್ದೆ. ಗಿರಾಕಿಗಳು ಮೆಚ್ಚಿದರು. ನನಗೂ ಹೆಮ್ಮೆಯಾಯಿತು.

ನಮಗೆ ಒಬ್ಬಳೇ ಮಗಳು. ಅವಳ ಯೂನಿಫಾರ್ಮಿನಲ್ಲಿ ಈ ವಿದ್ಯೆಯನ್ನೆಲ್ಲ ಸುರಿದಿದ್ದೆ. ಎರಡನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗೆ ಅವಳು "ಅಪ್ಪ, ಬಿಗಿ ಆಗ್ತಿದೆ" ಎಂದಾಗಲೆಲ್ಲ ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸುತ್ತಿದ್ದೆ. ಒಂದು ಸಲ ಪಕ್ಕದ ಹೊಲಿಗೆ ಬಿಚ್ಚಿದೆ. ಒಂದು ಸಲ ಹುಕ್ಕು ಸರಿಸಿದೆ. ಮತ್ತೊಂದು ಸಲ ಸೊಂಟಪಟ್ಟಿಯ ಹಿಂದೆ ಕಾಣದ ಹಾಗೆ ಎಲಾಸ್ಟಿಕ್ ಸೇರಿಸಿದೆ. ಅದೂ ಸಾಲದಾದಾಗ ಅದೇ ಬಟ್ಟೆಯ ತುಂಡನ್ನು ನೆರಿಗೆಯೊಳಗೆ ಅಡಗಿಸಿ ಕೂಡಿಸಿದೆ. ಜೋಡಿಸಿದ ಜಾಗವನ್ನು ಕನ್ನಡಕ ಹಾಕಿಕೊಂಡು ನೋಡಿದರೂ ಕಾಣುತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಮಗು ದಪ್ಪಗಾದರೆ ಗುಂಡಿ ಹಾರುತ್ತದೆ, ಜಿಪ್ಪು ಕಚ್ಚಿಕೊಳ್ಳುತ್ತದೆ, ಅಮ್ಮ ಕೂಗಾಡುತ್ತಾಳೆ, ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಒಂದು ಗುಂಡಿಯೂ ಹಾರಲಿಲ್ಲ. ಮಗಳು ಪ್ರತಿ ಬೆಳಿಗ್ಗೆ ಅಚ್ಚುಕಟ್ಟಾಗಿ ಶಾಲೆಯ ವ್ಯಾನ್ ಹತ್ತುತ್ತಿದ್ದಳು.

ಹೆಂಡತಿ ಎರಡು ಮೂರು ಸಲ ಹೇಳಿದ್ದಳು. "ಇವಳು ಯಾಕೋ ಊದಿಕೊಳ್ತಿದ್ದಾಳೆ ಕಣ್ರೀ."

"ನಿನ್ನ ಕಣ್ಣೇ ತಗುಲುತ್ತೆ, ಸುಮ್ನಿರು. ಹೋದ ವರ್ಷದ ಸ್ಕರ್ಟೇ ಹಾಕ್ತಿದ್ದಾಳೆ, ನೋಡು."

ನಮ್ಮ ಮನೆಯೆಂದರೆ ಅಂಗಡಿಯ ಹಿಂದಿನ ಒಂದು ಕೋಣೆ. ನಡುವೆ ಪರದೆ ಅಷ್ಟೇ. ಯೂನಿಫಾರ್ಮು ಮುಗಿದರೆ ವರಮಹಾಲಕ್ಷ್ಮಿಗೆ ರವಿಕೆ, ಆಮೇಲೆ ಗೌರಿ, ದಸರಾ, ಮದುವೆಗಳು. ರಾತ್ರಿ ಹನ್ನೆರಡರ ಮೊದಲು ಮಿಷನ್ನು ನಿಂತದ್ದು ನನಗೆ ನೆನಪಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಹುಕ್ಕು ಹಾಕುತ್ತಾಳೆ. ಮಗಳು ಕತ್ತರಿಸುವ ಮೇಜಿನ ಕೆಳಗೆ ಬಟ್ಟೆ ಚೂರುಗಳ ರಾಶಿಯ ಮೇಲೆ ನನ್ನ ಮೊಬೈಲು ಹಿಡಿದುಕೊಂಡು ಮಲಗಿರುತ್ತಿದ್ದಳು. ಎಂಟಕ್ಕೆ ಊಟ. ಹತ್ತಕ್ಕೆ ಹಸಿವು ಎನ್ನುತ್ತಿದ್ದಳು, ಪಕ್ಕದ ಬೇಕರಿಯ ಬನ್ನು. ಹನ್ನೊಂದಕ್ಕೆ ಮತ್ತೆ ಹಸಿವು, ರಸ್ಕು, ಖಾರದ ಮಿಕ್ಸ್ಚರು. ಬಾಯಿಗೆ ಏನಾದರೂ ಬಿದ್ದರೆ ಸುಮ್ಮನಿರುತ್ತಾಳೆ, ಕೆಲಸ ಸಾಗುತ್ತದೆ. ಬೇರೆ ಮಕ್ಕಳ ಎಣ್ಣೆ ಬೆರಳಿಗೆ ಮುಖ ಸಿಂಡರಿಸುವ ನಾನೇ ಆ ಪೊಟ್ಟಣ ಹರಿದು ಕೊಡುತ್ತಿದ್ದೆ. ಸಾಲದ್ದಕ್ಕೆ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ: "ನಾನು ಮಿಷನ್ ನಿಲ್ಸೋವರೆಗೂ ನನ್ನ ಮಗಳು ಕಣ್ಣು ಮುಚ್ಚಲ್ಲ." ಬೆಳಿಗ್ಗೆ ಆರೂವರೆಗೆ ಅವಳನ್ನು ಎಬ್ಬಿಸಲು ಹೆಂಡತಿ ಮುಖಕ್ಕೆ ನೀರು ಚಿಮುಕಿಸಬೇಕಿತ್ತು. ಅದನ್ನು ಗಿರಾಕಿಗಳಿಗೆ ಹೇಳುತ್ತಿರಲಿಲ್ಲ.

ಕಳೆದ ವರ್ಷ ನೆಂಟರ ಮದುವೆಯೊಂದು ಬಂತು. ಸೋದರ ಸೊಸೆಗೆ ಗೌನು ಕೊಡಿಸುತ್ತೇನೆ ಎಂದು ನನ್ನ ತಂಗಿ ನಮ್ಮ ಮಗಳನ್ನು ರೆಡಿಮೇಡ್ ಅಂಗಡಿಗೆ ಕರೆದುಕೊಂಡು ಹೋದಳು. ನನಗೆ ಅದೇ ಅವಮಾನ, ಟೈಲರ್ ಮನೆಯ ಮಗುವಿಗೆ ರೆಡಿಮೇಡು. ಎರಡು ಗಂಟೆ ಬಿಟ್ಟು ಇಬ್ಬರೂ ಬರಿಗೈಯಲ್ಲಿ ಬಂದರು. ಮಗಳು ನನ್ನ ಮುಖ ನೋಡದೆ ಪರದೆಯ ಹಿಂದೆ ಹೋದಳು.

"ಯಾಕೆ, ಕಲರ್ ಹಿಡಿಸಲಿಲ್ವಾ?" ಎಂದೆ.

ತಂಗಿ ದನಿ ತಗ್ಗಿಸಿದಳು. "ಕಲರ್ ಎಲ್ಲಿ ಬಂತು ಅಣ್ಣ. ಒಂಬತ್ತು ವರ್ಷದ್ದು ಕತ್ತಿನಿಂದ ಕೆಳಗೇ ಇಳೀಲಿಲ್ಲ. ಹನ್ನೊಂದರದ್ದು ತೋಳಲ್ಲೇ ಸಿಕ್ಕಾಕೊಂಡ್ತು. ಹದಿನಾಲ್ಕರದ್ದು ಹಾಕಿದ್ರೆ ಮೈಗೆ ಸರಿ, ಕೆಳಗೆ ನೆಲ ಗುಡಿಸ್ತಾ ಇದೆ."

"ರೆಡಿಮೇಡ್ ಅಳತೆ ಚೀನಾದವರಿಗೆ ಮಾಡಿರ್ತಾರೆ ಕಣೇ."

"ಇವಳ ಕ್ಲಾಸಿನ ಹುಡುಗಿನೇ ಒಬ್ಳು ಅಲ್ಲಿ ಒಂಬತ್ತರದ್ದು ಹಾಕ್ಕೊಂಡು ಕನ್ನಡಿ ಮುಂದೆ ಕುಣೀತಿದ್ಲು. ಅವಳೂ ಚೀನಾದವಳಾ?"

ಆ ಸಂಜೆ ಮಗಳನ್ನು ಕರೆದು, ಗಿರಾಕಿಯ ಮಗುವನ್ನು ನಿಲ್ಲಿಸುವ ಹಾಗೆ ನಿಲ್ಲಿಸಿ ಟೇಪು ಸುತ್ತಿದೆ. ಅಷ್ಟು ವರ್ಷಗಳಲ್ಲಿ ಅವಳ ಅಳತೆ ತೆಗೆದಿರಲೇ ಇಲ್ಲ, ಕಣ್ಣಳತೆಯಲ್ಲೇ ಬಿಚ್ಚಿ ಬಿಚ್ಚಿ ಸೇರಿಸಿದ್ದೆ. ಮೂವತ್ತು ಇಂಚು. ನನ್ನ ಹೆಂಡತಿಯ ಸೊಂಟ ಅಷ್ಟಿರಬಹುದು. ಮಗು ನಾನು ಹೇಳದೆಯೇ ಹೊಟ್ಟೆ ಒಳಗೆಳೆದುಕೊಂಡಿತ್ತು. ಅದನ್ನು ಕಂಡು ನನಗೆ ಹುಟ್ಟಿದ್ದು ಕರುಣೆಯಲ್ಲ, ಹೇಸಿಗೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅಂಗಡಿಗೆ ಬರುವ ಆ ಆಕಳಿಸುವ ಮಕ್ಕಳ ಸಾಲಿನಲ್ಲಿ ನನ್ನದೂ ಒಂದು ಅನ್ನಿಸಿತು. ಇನ್ನು ಒಂದು ಹೊಲಿಗೆಯನ್ನೂ ಬಿಚ್ಚುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಬಟ್ಟೆ ಬಿಗಿಯಾದರೆ ಬುದ್ಧಿ ಬರುತ್ತದೆ.

ವಾರ ಕಳೆಯುವುದರೊಳಗೆ ಅವಳು ಬಂದು "ಅಪ್ಪ, ಬಿಗಿ ಆಗ್ತಿದೆ" ಎಂದಳು.

"ಬಾಯಿ ಕಟ್ಟು. ಸರಿ ಹೋಗುತ್ತೆ."

ಮತ್ತೆ ಕೇಳಲಿಲ್ಲ. ನನ್ನ ಮಾತು ನಾಟಿತು ಅಂದುಕೊಂಡೆ. ಆದರೆ ನನ್ನ ಮಿಷನ್ನು ಮಾತ್ರ ಹನ್ನೆರಡರವರೆಗೆ ಓಡುತ್ತಲೇ ಇತ್ತು. ಅವಳು ಮೇಜಿನ ಕೆಳಗೆ ಎಚ್ಚರವಾಗಿಯೇ ಇದ್ದಳು, ಈಗ ನನಗೆ ಕಾಣದ ಹಾಗೆ ಬೆನ್ನು ತಿರುಗಿಸಿ ತಿನ್ನುತ್ತಿದ್ದಳು.

ಹದಿನೈದು ದಿನವಾಗಿರಬಹುದು. ಭಾನುವಾರ ತಲೆಗೆ ನೀರು ಹಾಕುತ್ತಿದ್ದ ಹೆಂಡತಿ ಬಚ್ಚಲಿನಿಂದ ಕೂಗಿದಳು. ಹೋಗಿ ನೋಡಿದರೆ ಮಗಳ ಸೊಂಟದ ಸುತ್ತ ಹಗ್ಗ ಕಟ್ಟಿ ಬಿಚ್ಚಿದ ಹಾಗೆ ಕೆಂಪು ಬರೆ. ಹುಕ್ಕು ಒತ್ತುವ ಕಡೆ ಚರ್ಮ ಕಿತ್ತು ರಸಿಗೆ ಕಟ್ಟಿತ್ತು. ಹುಕ್ಕು ಸೇರದೆ ಇದ್ದಾಗ ಹೆಂಡತಿಯ ಡಬ್ಬಿಯಿಂದ ಸೇಫ್ಟಿ ಪಿನ್ನು ತೆಗೆದು ಶರ್ಟಿನ ಕೆಳಗೆ ಚುಚ್ಚಿಕೊಂಡು ಹೋಗುತ್ತಿದ್ದಳಂತೆ. ಪಿನ್ನು ಬಿಟ್ಟುಕೊಂಡು ಗೀರಿದ ಗೆರೆಗಳು ಬೇರೆ.

"ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ದೆ ಅಪ್ಪ. ನೀನು ಬಾಯಿ ಕಟ್ಟು ಅಂದೆ."

ಹೆಂಡತಿ ಟವೆಲು ಸುತ್ತುತ್ತಾ ಅಂದಳು: "ಕಂಡೋರ ಮಕ್ಕಳಿಗೆ ಕೇಳ್ದೇನೇ ಲೂಸ್ ಬಿಡ್ತೀರ."

ನಾನು ಮಿಷನ್ನಿನ ಮುಂದೆ ಕೂತೆ. ನನ್ನ ಕೈ ನೋಡಿಕೊಂಡರೆ ಹೇಸಿಗೆಯಾಯಿತು. ಎರಡು ವರ್ಷ ಇದೇ ಕೈ ಮಗುವಿನ ಮೈಯನ್ನು ಎಲ್ಲರ ಕಣ್ಣಿನಿಂದ ಮುಚ್ಚಿಟ್ಟಿತ್ತು. ಈಗ ಇದೇ ಕೈ ಅದೇ ಮೈಯನ್ನು ಕೊಯ್ದಿತ್ತು. ಗಾಯ ಒಣಗಲಿ ಎಂದು ಆ ವಾರ ಅವಳಿಗೆ ಸಡಿಲವಾದ ಫ್ರಾಕು ಹಾಕಿಸಿ ಮನೆಯಲ್ಲೇ ಉಳಿಸಿಕೊಂಡೆವು, ಸೋಮವಾರ ಮಕ್ಕಳ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಗಾಯಕ್ಕೆ ಮುಲಾಮು ಬರೆದು, ತೂಕ ನೋಡಿದರು. ಏನು ತಿನ್ನಿಸುತ್ತೀರಿ ಎಂದು ಬೈಯುತ್ತಾರೆ ಅಂತ ನಾನು ಉತ್ತರ ಹೊಂದಿಸಿಕೊಂಡು ಕೂತಿದ್ದೆ. ಅವರು ಕೇಳಿದ್ದು ಬೇರೆ.

"ರಾತ್ರಿ ಎಷ್ಟು ಗಂಟೆಗೆ ಮಲಗ್ತಾಳೆ?"

"ಹತ್ತು ಮೇಡಂ. ಹೆಚ್ಚೂ ಕಮ್ಮಿ ಹತ್ತು."

"ಅಲ್ಲ ಆಂಟಿ, ಹನ್ನೆರಡು" ಎಂದಳು ಮಗಳು. "ಅಪ್ಪ ಮಿಷನ್ ನಿಲ್ಸಿದ್ಮೇಲೆ."

ಡಾಕ್ಟರಮ್ಮ ನನ್ನ ಕಡೆ ನೋಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಅವಳನ್ನೇ ಕೇಳಿದರು, ಶಾಲೆಯಲ್ಲಿ ನಿದ್ದೆ ಬರುತ್ತಾ ಅಂತ. ದಿನಾ ಬರುತ್ತೆ ಎಂದಳು. ಆಟದ ಪೀರಿಯಡ್ಡಿನಲ್ಲಿ ಏನು ಮಾಡ್ತೀಯ ಎಂದರು. ಮರದ ಕೆಳಗೆ ಕೂರ್ತೀನಿ, ಕಾಲು ಎಳೆಯುತ್ತೆ ಎಂದಳು.

ಆಮೇಲೆ ನನಗೆ ಹೇಳಿದರು: "ಬರೀ ನಿದ್ದೆಯೊಂದರಿಂದಲೇ ಅಂತ ನಾನು ಹೇಳಲ್ಲ. ತಿನ್ನೋದು ಇದೆ, ಓಡಾಡದೆ ಇರೋದು ಇದೆ. ಆದ್ರೆ ನಿದ್ದೆ ಕಮ್ಮಿ ಆದ ಮಗುಗೆ ಹಸಿವು ಹೆಚ್ಚು, ಅದೂ ಸಿಹಿ, ಕರಿದಿದ್ದೇ ಬೇಕು ಅನ್ಸುತ್ತೆ. ಹಗಲು ತೂಕಡಿಸಿದ್ರೆ ಆಡೋದೆಲ್ಲಿ? ಮೊದಲು ಒಂಬತ್ತೂವರೆ ಒಳಗೆ ಮಲಗಿಸಿ. ಉಪವಾಸ ಹಾಕ್ಬೇಡಿ, ಬೈಬೇಡಿ. ತೂಕ ಇಳಿಸೋ ವಯಸ್ಸಲ್ಲ, ಸುಮ್ನೆ ಏರೋದು ನಿಂತ್ರೆ ಸಾಕು, ಎತ್ತರ ಬೆಳೀತಾಳೆ."

ಹೊರಗೆ ಬಂದಾಗ ನನಗೆ ರೇಗಿತ್ತು. ಮಲಗಿಸಿ ಅಂತ ಹೇಳುವುದಕ್ಕೆ ಡಾಕ್ಟರ್ ಬೇಕಾ ಎಂದು ಹೆಂಡತಿಗೆ ಹೇಳಿದೆ. "ನಿಮಗೆ ಬೇಕಿತ್ತಲ್ಲ" ಎಂದಳು.

ಆ ದಿನದಿಂದ ಒಂಬತ್ತಕ್ಕೆ ಷಟರು ಎಳೆಯಲು ಶುರು ಮಾಡಿದೆ. ಪರದೆಯ ಆಚೆ ಲೈಟು, ಮಿಷನ್ನು ಇದ್ದರೆ ಈಚೆ ಮಗು ಮಲಗುವುದಿಲ್ಲ, ಆದ್ದರಿಂದ ಎರಡೂ ಬಂದ್. ಕೆಲಸವನ್ನು ಬೆಳಗಿನ ಐದಕ್ಕೆ ತಂದುಕೊಂಡೆ, ಕತ್ತರಿಸುವುದು, ಕೈಹೊಲಿಗೆ, ಸದ್ದು ಮಾಡದ ಕೆಲಸ ಮೊದಲು. ಮೊದಲ ಹತ್ತು ದಿನ ಮಗಳು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದಳು. ಹಸಿವು ಎನ್ನುವಳು, ಮೊಬೈಲು ಎನ್ನುವಳು, ಅಳುವಳು. ಹೆಂಡತಿ ಒಂದು ಲೋಟ ಹಾಲು ಕೊಟ್ಟು ಬೆನ್ನು ತಟ್ಟುವಳು. ನಾನು ಹೊಸ ಸ್ಕರ್ಟು ಹೊಲಿದೆ, ಹೊಟ್ಟೆ ಎಳೆದುಕೊಳ್ಳದ ಅಳತೆಗೆ, ಮೂವತ್ತೊಂದು ಇಂಚಿಗೆ, ಏನನ್ನೂ ಮುಚ್ಚದೆ.

ಗಿರಾಕಿಗಳು ಮುನಿಸಿಕೊಂಡರು, ಕೆಲವರು ಹೋದರು. ಹೋದವರ ಬಗ್ಗೆ ನನಗೆ ಚಿಂತೆಯಿಲ್ಲ, ನನ್ನ ಹೊಲಿಗೆಗೆ ವಾಪಸು ಬರುತ್ತಾರೆ. ಕಷ್ಟವಾದದ್ದು ಓನರಜ್ಜಿ. ಈ ಕಟ್ಟಡ ಅವರದು, ಹಿಂದೆ ಇದೇ ಜಾಗದಲ್ಲಿ ಅವರ ರಾಗಿ ಹೊಲವಿತ್ತು. ಒಂದು ರಾತ್ರಿ ಒಂಬತ್ತೂವರೆಗೆ ಬಂದು ಷಟರು ಬಡಿದರು. ಅರ್ಧ ಎತ್ತಿ, ಬಗ್ಗಿ ಹೊರಗೆ ಹೋದೆ.

"ನಾಳೀಕೆ ಗೃಹಪ್ರವೇಶ ಐತೆ, ರವಿಕೆ ತೋಳು ಒಂಚೂರು ಬಿಟ್ಕೊಡಪ್ಪ. ಅತ್ತು ನಿಮಿಷದ ಕೆಲ್ಸ."

"ಬೆಳಿಗ್ಗೆ ಆರಕ್ಕೆ ಕೊಡ್ತೀನಿ ಅಜ್ಜಿ. ಮಗು ಮಲಗಿದೆ."

"ಮನಿಕ್ಕಂಡ್ರೆ ಮನಿಕ್ಕಳ್ಲಿ, ಎಬ್ಬಿಸು ಅಂದ್ನಾ?"

"ಮಿಷನ್ ಹಾಕಿದ್ರೆ ಏಳ್ತಾಳೆ ಅಜ್ಜಿ. ನಿದ್ದೆ ಕೆಟ್ಟೇ ಅವಳು ಇಷ್ಟು ದಪ್ಪ ಆಗಿರೋದು. ಡಾಕ್ಟ್ರು ಹೇಳಿದ್ದಾರೆ."

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. "ಮನಿಕ್ಕಂಡೋರು ದಪ್ಪ ಆಗೋದು ನೋಡೀವ್ನಿ. ಇವ್ನು ಮನಿಗಿಸಿ ಸಣ್ಣ ಮಾಡ್ತಾನಂತೆ. ನಮ್ಮ ಅಂಗ್ಡಿನಾಗೆ ಕುಂತ್ಕಂಡು ನಮ್ಗೇ ನಾಳೆ ಬಾ ಅಂತೀಯ?"

"ಅಂಗಡಿ ನಿಮ್ದೇ ಅಜ್ಜಿ. ಆರಕ್ಕೆ ಮನೆ ಬಾಗಿಲಿಗೇ ತಂದುಕೊಡ್ತೀನಿ."

ರವಿಕೆಯನ್ನು ನನ್ನ ಹೆಗಲ ಮೇಲೆ ಎಸೆದು ಗೊಣಗುತ್ತಾ ಹೋದರು. ಅದೇ ಅಜ್ಜಿಗೆ ಹಿಂದೆ ಎಷ್ಟೋ ಸಲ ಹನ್ನೊಂದು ಗಂಟೆಗೆ ರವಿಕೆ ಬಿಚ್ಚಿ ಕೊಟ್ಟಿದ್ದೇನೆ, ಮಗಳು ಕಾಲ ಬಳಿ ಬನ್ನು ತಿನ್ನುತ್ತಿದ್ದಾಗ. ಅದನ್ನು ನೆನೆದಾಗಲೆಲ್ಲ ಬಾಯಿ ಕಹಿಯಾಗುತ್ತದೆ.

ಆರು ತಿಂಗಳಾಯಿತು. ತೂಕ ಇಳಿದಿಲ್ಲ, ಏರಿಯೂ ಇಲ್ಲ. ಒಂದಿಂಚು ಎತ್ತರವಾಗಿದ್ದಾಳೆ. ಸಾಕು, ಹೀಗೇ ಇರಲಿ ಎಂದರು ಡಾಕ್ಟರಮ್ಮ. ಆಟದ ಪೀರಿಯಡ್ಡಿನಲ್ಲಿ ಮರದ ಕೆಳಗೆ ಕೂರುವುದು ಬಿಟ್ಟಿದ್ದಾಳಂತೆ. ಆದರೆ ನನ್ನ ಮೇಲೆ ನನಗಿರುವ ಹೇಸಿಗೆ ಇಳಿದಿಲ್ಲ. ಸೊಂಟದ ಮೇಲೆ ಹುಕ್ಕಿನ ಕಡೆ ಕಪ್ಪು ಕಲೆ ಹಾಗೇ ಉಳಿದಿದೆ.

ಈಗ ಮಗಳು ಒಂಬತ್ತೂಕಾಲಿಗೆ ನಿದ್ದೆ ಹೋಗುತ್ತಾಳೆ. ನಿದ್ದೆ ಬರದವನು ನಾನು. ಮೂವತ್ತು ವರ್ಷ ಆ ಹೊತ್ತಿಗೆ ಪೆಡಲು ತುಳಿದ ಕಾಲು ಸುಮ್ಮನಿರುವುದಿಲ್ಲ. ಚಾಪೆಯ ಮೇಲೆ ಆ ಕಡೆ ತಿರುಗುತ್ತೇನೆ, ಈ ಕಡೆ ತಿರುಗುತ್ತೇನೆ. ನಡುವೆ ಮಗಳು, ಆ ತುದಿಯಲ್ಲಿ ಹೆಂಡತಿ. ನಿನ್ನೆಯೂ ಹಾಗೇ ಹೊರಳುತ್ತಿದ್ದೆ. ಕತ್ತಲಲ್ಲಿ ಹೆಂಡತಿಯ ಪಿಸುದನಿ ಬಂತು.

"ರೀ, ಅಲ್ಲಾಡ್ಬೇಡಿ. ಅವಳು ಎದ್ದುಬಿಡ್ತಾಳೆ."