ಶುಂಠಿ ಶೆಡ್ಡಿನ ಹುಡುಗಿ ಸ್ಕೂಲಿಗೆ ಸೇರಿದ್ದು

ಗಾವಡಗೆರೆ ಕಡೆ ನಮ್ಮೂರು. ಆ ವರ್ಷ ನನ್ನ ಮಗ ಕೆರೆ ಕೆಳಗಿನ ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದ. ಶುಂಠಿ ಹಾಕುವವರು ನಮ್ಮವರಲ್ಲ. ವಯನಾಡು ಕಡೆಯ ಮೇಸ್ತ್ರಿ ಬಂದು ಹೊಲದ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಸಿ, ಅಸ್ಸಾಮಿನಿಂದ ಕರೆತಂದ ಕೂಲಿಯವರನ್ನು ಅದರೊಳಗೆ ಇಡುತ್ತಾನೆ. ಒಂದು ಸಲ ಶುಂಠಿ ತೆಗೆದ ನೆಲಕ್ಕೆ ಮರುವರ್ಷ ಶುಂಠಿ ಹಾಕುವಂತಿಲ್ಲ, ಕೊಳೆಯುತ್ತದೆ. ಆದ್ದರಿಂದ ಬೆಳೆ ಕಿತ್ತರೆ ಶೆಡ್ಡನ್ನೂ ಕಿತ್ತು ಬೇರೆ ಊರಿಗೆ ಹೊರಡುತ್ತಾರೆ. ನಮ್ಮೂರಲ್ಲಿ ಅವರಿಗೆಲ್ಲ ಒಂದೇ ಹೆಸರು, ಹಿಂದಿಯವರು. ಅವರು ಮನೆಯಲ್ಲಿ ಆಡುವುದು ಹಿಂದಿಯಲ್ಲ ಎಂದು ನನಗೂ ಆಮೇಲೆಯೇ ಗೊತ್ತಾದದ್ದು.

ನಮ್ಮ ಹೊಲದ ಶೆಡ್ಡಿನಲ್ಲಿದ್ದದ್ದು ಗಂಡ, ಹೆಂಡತಿ, ಹತ್ತು ವರ್ಷದ ಒಂದು ಹುಡುಗಿ, ಒಂದು ಕೈಗೂಸು. ಕೂಸು ಯಾವಾಗಲೂ ಹುಡುಗಿಯ ಸೊಂಟದ ಮೇಲೆ. ನೀರಿಗೆ ನಮ್ಮ ಮನೆ ನಲ್ಲಿಗೆ ಬರುತ್ತಿದ್ದರು. ಒಂದು ದಿನ ತಾಯಿ ಕೊಡ ಕೆಳಗಿಟ್ಟು ತನಗೆ ಬರುವ ಹರಕು ಕನ್ನಡದಲ್ಲಿ ಹೇಳಿದಳು:

"ಅಜ್ಜಿ, ಇವಳು ಸ್ಕೂಲ್. ಪಿರಿಯಾಪಟ್ಣ ಅರ್ಧ. ಸಾಲಿಗ್ರಾಮ ಅರ್ಧ. ಇಲ್ಲಿ ಪೂರ್ತಿ."

ಹೋದ ಕಡೆಯೆಲ್ಲ ಸೇರಿಸಿದ್ದಾರೆ, ಹೋದ ಕಡೆಯೆಲ್ಲ ನಡುವೆ ಬಿಡಿಸಿದ್ದಾರೆ. ಈ ಹೊಲದ ಶುಂಠಿ ಯುಗಾದಿವರೆಗೆ ನೆಲದಲ್ಲೇ ಇರುತ್ತದೆ ಎಂದು ಮೇಸ್ತ್ರಿ ಹೇಳಿದ್ದನಂತೆ. ಅಷ್ಟರಲ್ಲಿ ಒಂದು ಇಡೀ ವರ್ಷದ ಓದು ಮುಗಿಯಲಿ ಎಂಬುದು ಆ ತಾಯಿಯ ಆಸೆ.

ನನಗೆ ಕರುಳು ಕಿತ್ತು ಬಂತು ಎಂದೇನೂ ತಿಳಿಯಬೇಡಿ. ಆ ಹುಡುಗಿ ದಿನಾ ಸಂಜೆ ನಮ್ಮ ಜಗುಲಿ ಮುಂದೆ ನಿಂತು ನನ್ನ ಮೊಮ್ಮಕ್ಕಳ ಪುಸ್ತಕವನ್ನೇ ನೋಡುತ್ತಿದ್ದಳು. ನೋಡಿ ನೋಡಿ ನನಗೆ ಕಿರಿಕಿರಿಯಾಗಿತ್ತು. ನಾನು ಮೂರನೇ ಕ್ಲಾಸಿಗೇ ಬಿಟ್ಟವಳು, ಪುಸ್ತಕದಲ್ಲಿ ಅಂಥದ್ದೇನಿದೆಯೋ ಕಾಣೆ. ಬೆಳಿಗ್ಗೆ ಅವಳನ್ನು ಎಳೆದುಕೊಂಡು ಸ್ಕೂಲಿಗೆ ಹೋದೆ.

ಹೆಡ್‌ಮೇಡಂ ಒಳ್ಳೆಯ ಹೆಂಗಸು, ಆದರೆ ಸುಸ್ತಾದ ಹೆಂಗಸು. "ಅಜ್ಜಿ, ಆಧಾರ್ ಕಾರ್ಡ್ ಇಲ್ದಿದ್ರೂ ಸೇರಿಸ್ಕೋತೀನಿ. ಆದ್ರೆ ಹೆಸರು, ಹುಟ್ಟಿದ ದಿನ ಸರಿಯಾಗಿ ಬರೀಬೇಕಲ್ಲ. ಕಳೆದ ಸಲ ಇಂಥ ಮಗೂಗೆ ಬಾಯಿಗೆ ಬಂದದ್ದು ಬರೆದು, ಮುಂದಿನ ಊರಲ್ಲಿ ಒಪ್ಪಲೇ ಇಲ್ಲ."

ಕಾರ್ಡುಗಳೆಲ್ಲ ಮೇಸ್ತ್ರಿಯ ಬ್ಯಾಗಿನಲ್ಲಿದ್ದವು. ಅದು ಅವರ ಕಸುಬಿನ ರೂಢಿ. ಕೂಲಿಯವರು ಶೆಡ್ಡಿಗೆ ಬಂದ ದಿನವೇ ಕಾರ್ಡು ತೆಗೆದಿಟ್ಟುಕೊಳ್ಳುತ್ತಾನೆ, ಬೆಳೆ ಮುಗಿದ ಮೇಲೆ ಕೊಡುತ್ತಾನೆ. ನಾನೇ ಹೋಗಿ ಕೇಳಿದೆ.

"ಕೊಟ್ರೆ ಓಡೋಗ್ತಾರೆ ಅಜ್ಜಿ," ಅಂದ.

"ಹುಡ್ಗೀದು ಕೇಳ್ತಾ ಇವ್ನಿ ಕಣಪ್ಪ. ಅವ್ಳು ಅಪ್ಪನ್ನೂ ಅವ್ವನ್ನೂ ಹೊತ್ಕಂಡು ಓಡೋದಾಳಾ?"

ಅವನು ನಕ್ಕ. ಕಾರ್ಡು ಕೊಡಲಿಲ್ಲ, ಅದರ ಫೋಟೋ ತೆಗೆದು ನನ್ನ ಮಗನ ಫೋನಿಗೆ ಕಳಿಸಿದ. ಅಷ್ಟರಲ್ಲೇ ಕೆಲಸವಾಯಿತು. ಮೇಡಂ ಅವಳ ಹೆಸರನ್ನು ವಯಸ್ಸಿಗೆ ತಕ್ಕಂತೆ ಐದನೇ ಕ್ಲಾಸಿಗೆ ಬರೆದರು, ಕನ್ನಡ ಬಾರದ್ದಕ್ಕೆ ಒಂದನೇ ಕ್ಲಾಸಿನಲ್ಲಿ ಕೂರಿಸಿದರು. ಚಿಕ್ಕ ಮಕ್ಕಳ ನಡುವೆ ಅವಳು ಕೋಳಿಮರಿಗಳ ನಡುವಿನ ಕೊಕ್ಕರೆಯ ಹಾಗೆ ಕೂತಿರುತ್ತಿದ್ದಳು. "ಲೇ, ಹಿಂದಿ ಅಕ್ಕ ಬಂದ್ಲು ಕಣ್ರೋ" ಎಂದು ಅವು ಕಿರುಚುತ್ತಿದ್ದವು. ತಿಂಗಳುಗಟ್ಟಲೆ ಅವಳು ಬಾಯಿ ಬಿಡಲಿಲ್ಲ. ಕೂಸನ್ನು ಸ್ಕೂಲಿನೊಳಗೆ ಬಿಡುವುದಿಲ್ಲವೆಂದು ಅದು ನನ್ನ ಕೊರಳಿಗೆ ಬಿತ್ತು. ಅಂಥ ಅಳುಬುರುಕ ಕೂಸನ್ನು ನಾನು ಕಂಡಿಲ್ಲ.

ದಸರಾ ರಜೆ ಕಳೆದ ಮೇಲೂ ಮಳೆ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅವಳು ಕೂಸನ್ನು ನನ್ನ ಮಡಿಲಿಗೆ ಹಾಕಿ, ಹೋಗದೆ ನಿಂತಳು. ಕ್ಲಾಸಿನಲ್ಲಿ ಬಣ್ಣಗಳ ಹೆಸರು ಕಲಿಸಿದ್ದರಂತೆ.

"ಅಜ್ಜಿ, ಶುಂಠಿ ಎಲೆ ಹಳದಿ ಆಗಿದೆ," ಅಂದಳು.

ಅಷ್ಟುದ್ದದ ಕನ್ನಡ ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೇಳಿ ನನ್ನ ಮುಖ ನೋಡಿದಳು, ಸರಿಯಾಗಿ ಹೇಳಿದೆನಾ ಎಂದು. ನಾನು ಹೊಲಕ್ಕೆ ಹೋದೆ. ಕಾಲುವೆ ಪಕ್ಕದ ಮಡಿಯಲ್ಲಿ ಗಿಡ ಬುಡದಿಂದಲೇ ಹಳದಿಯಾಗಿತ್ತು. ಎಳೆದರೆ ಕೈಗೆ ಬಂತು, ನಾರುವ ವಾಸನೆ. ಕೊಳೆ ರೋಗ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಂದಷ್ಟು ದಿನ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಮೇಸ್ತ್ರಿ ಉಳಿದದ್ದನ್ನು ಆ ವಾರವೇ ಕೀಳಿಸುತ್ತಾನೆ, ಶೆಡ್ಡು ಹೋಗುತ್ತದೆ, ಹುಡುಗಿಯ ಸ್ಕೂಲು ಮತ್ತೆ ಅರ್ಧ. ಆದರೆ ಕೊಳೆ ನೀರಿನ ಜೊತೆ ಹರಿಯುತ್ತದೆ. ನಮ್ಮ ಹೊಲದ ಕೆಳಗೆ ಇನ್ನೂ ಎರಡು ಮನೆಯವರು ಶುಂಠಿಗೆ ಕೊಟ್ಟಿದ್ದರು. ಮಣ್ಣು ಎಳೆದು ನೀರು ಕೆಳಗೆ ಹರಿಯದಂತೆ ತಡೆದು, ಹೋಗಿ ಮೇಸ್ತ್ರಿಗೆ ಹೇಳಿದೆ.

ಕೀಳುವ ಆಳುಗಳು ಮಾರನೆಯ ದಿನವೇ ಬಂದರು. ತಾಯಿ ಅವತ್ತು ನೀರಿಗೆ ಬೇರೆ ಮನೆಗೆ ಹೋದಳು. ಹುಡುಗಿ ಬಂದಳು.

"ನಾನು ಹೇಳಬಾರದಿತ್ತಾ ಅಜ್ಜಿ?"

"ಹೇಳ್ಬೇಕಿತ್ತು," ಅಂದೆ. "ನೀನ್ ಹೇಳ್ದಿದ್ರೂ ಕೊಳೀತಿತ್ತು."

ಅದು ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ತಲೆ ಆಡಿಸಿ, ಕೂಸನ್ನು ಎತ್ತಿಕೊಂಡು ಹೋದಳು. ಲಾರಿ ಬಂದ ದಿನ ತಗಡು, ಪಾತ್ರೆ, ಮೂಟೆಗಳ ಮೇಲೆ ಅವರನ್ನೂ ಕೂರಿಸಿ ಎಚ್.ಡಿ. ಕೋಟೆ ಕಡೆ ಒಯ್ದರು.

ಹೆಡ್‌ಮೇಡಂ ಹೇಳಿದರು, "ಅಲ್ಲಿನ ಸ್ಕೂಲಿನವರು ಒಂದು ಮಾತು ಕೇಳಿದ್ರೆ ಸಾಕು ಅಜ್ಜಿ, ಅವತ್ತೇ ಟಿ.ಸಿ. ಕಳಿಸ್ತೀನಿ." ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ಯಾರೂ ಕೇಳಲಿಲ್ಲ. ಕೊನೆಗೆ ಮಗನ ಫೋನಿನಿಂದ ನಾನೇ ಮೇಸ್ತ್ರಿಗೆ ಮಾಡಿಸಿದೆ.

"ಸ್ಕೂಲು ದೂರ ಅಜ್ಜಿ. ಕಾಡಂಚು, ದಾರೀಲಿ ಆನೆ ನಿಲ್ತದೆ," ಅಂದ.

"ಅವ್ಳಿಗೆ ಫೋನ್ ಕೊಡು."

"ಹೊಲದಲ್ಲಿ ಕೆಲಸದಲ್ಲಿದ್ದಾಳೆ."

"ಅವ್ರವ್ವನ್ನಲ್ಲ ಕಣಪ್ಪ ನಾನ್ ಕೇಳಿದ್ದು. ಹುಡ್ಗೀನ."

"ಹುಡುಗಿನೇ ಅಜ್ಜಿ," ಅಂದ. "ಈಗ ಅವಳಿಗೂ ಕೂಲಿ ಕೊಡ್ತೀನಿ."