ನಂಜಪ್ಪನ್ ಅಂಟಿಸಿದ ಕೆಂಪು ಬಾಣ

ನಂಜಪ್ಪನ್‌ಗೆ ಈ ಭೂಮಿಯ ಮೇಲೆ ಅತ್ಯಂತ ಹೇಸಿಗೆ ಹುಟ್ಟಿಸಿದ ಪ್ರಾಣಿ ಬೆಕ್ಕು, ಅದೂ ಫೋನಿನೊಳಗಿನ ಬೆಕ್ಕು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಬಟ್ಟೆ ಚೆಕಿಂಗ್ ಮಾಡುತ್ತಿದ್ದ ಮನುಷ್ಯ ಅವನು. ಸೂಜಿಮೊನೆಯಷ್ಟು ತೂತು ಕೂಡ ಅವನನ್ನು ಕಂಡರೆ ನಾಚಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಅಂಥವನು ಐವತ್ತನಾಲ್ಕನೇ ವಯಸ್ಸಿನಲ್ಲಿ ಬೆಕ್ಕು ಯಾವುದು, ನಾಯಿ ಯಾವುದು ಎಂದು ಕಲಿಯಬೇಕಾಯಿತು.

ಕಾರಣ ಮ್ಯಾನೇಜರ್ ಮೋಹನ್‌ರಾಜ್. ನಂಜಪ್ಪನ್‌ನಂತೆ ಅವನೂ ಕನ್ನಡದ ಮನೆಯವನೇ. "ಅಣ್ಣಾ, ತೂತು ಹಿಡಿಯೋ ಕ್ಯಾಮೆರಾ ಮಿಷಿನ್ ಬರ್ತದೆ. ಆನ್‌ಲೈನ್ ಕೋರ್ಸ್ ಮುಗ್ಸಿ ನೀವೇ ಅದುಕ್ಕೆ ಕಲ್ಸಿದ್ರೆ ಚೆಕಿಂಗ್ ಟೇಬಲ್ ನಿಮ್ದೇ. ಇಲ್ಲಾಂದ್ರೆ ಪಿಸಿರು ಕತ್ರಿಸೋಕೆ ಹೋಗಿ."

ಪಿಸಿರೆಂದರೆ ಹೊಲಿಗೆಯಲ್ಲಿ ಉಳಿದ ನೂಲಿನ ತುದಿ. ಆ ಮೂಲೆಗೆ ಹೋಗುವುದೂ ಬದುಕಿದ್ದಾಗಲೇ ಫೋಟೋಗೆ ಹಾರ ಹಾಕಿಸಿಕೊಳ್ಳುವುದೂ ನಂಜಪ್ಪನ್‌ಗೆ ಒಂದೇ.

ಫೋಟೋದಲ್ಲಿರುವುದು ಬೆಕ್ಕೋ ನಾಯಿಯೋ ಎಂದು ಮಿಷಿನ್ನಿಗೆ ಕಲಿಸುವುದೇ ಮೊದಲ ಪಾಠ; ಕೋರ್ಸಿನ ಮೇಷ್ಟ್ರು ಫೋನಿನೊಳಗಿಂದ ಹಲ್ಲು ಕಿರಿಯುತ್ತಲೇ ಅದನ್ನು ಮಾಡುವವನು. "ಇದು ತುಂಬ ಸುಲಭ" ಎಂದು ಗಂಟೆಗೆ ನಾನೂರು ಸಲ ಅನ್ನುತ್ತಿದ್ದ. ಅಂದ ಮರುಕ್ಷಣ ಬೋರ್ಡ್ ತುಂಬ ಜಿರಲೆ ಹರಿದಾಡಿದಂಥ ಲೆಕ್ಕ. ಮಿಷಿನ್ನಿನ ಮಿದುಳು, ನ್ಯೂರಲ್ ನೆಟ್‌ವರ್ಕ್ ಎಂದು ಅವನು ಬರೆದ ಗೆರೆಗಳ ಚಿತ್ರ ನೋಡಿ ನಂಜಪ್ಪನ್ ಫೋನನ್ನು ಮಾರುದೂರ ಹಿಡಿದ. ತಾತನ ಮಗ್ಗದಲ್ಲಿ ನೂಲು ಹೀಗೆ ಸಿಕ್ಕಾಗಿದ್ದರೆ ಬೆನ್ನಿಗೆ ಕೋಲು ಬೀಳುತ್ತಿತ್ತು.

"ಏನುಂಗೊ, ಆ ಬೆಕ್ಕು ಇನ್ನೂ ಬೆಕ್ಕೇನಾ?" ಎಂದಳು ಹೆಂಡತಿ ಸುಶೀಲ.

"ನೂರುಕ್ಕೆ ತೊಂಬತ್ತೆರಡು ಬೆಕ್ಕಂತೆ. ಮಿಕ್ಕ ಎಂಟು ಏನೂಂತ ಆ ಹಲ್ಲು ಕಿರಿಯೋ ವಾದ್ಯಾರನ್ನೇ ಕೇಳು. ಥೂ!"

ಉಳಿದ ಪಾಠಗಳನ್ನು ಸರಸರನೆ ಮುಂದಕ್ಕೆ ಓಡಿಸಿ ಮುಗಿಸಿದ. ಕೆಟ್ಟ ಬಟ್ಟೆ ಎರಡು ಸಾವಿರ, ಒಳ್ಳೆಯದು ಎರಡು ಸಾವಿರ ಫೋಟೋ ತೆಗೆದು ಮಿಷಿನ್ನಿಗೆ ಉಣಿಸಿದ. ಅದು ಫೋಟೋಗಳನ್ನು ಒಂದೂ ತಪ್ಪದೆ ಗುರುತಿಸಿತು.

ಪರೀಕ್ಷೆಯ ದಿನ ನೆಯ್ಗೆಯಿಂದ ನೇರ ಬಂದ ಬಟ್ಟೆ ಹಾಸಿದರು. ಆನೆಮರಿ ನುಸುಳುವಷ್ಟು ತೂತು. ಮಿಷಿನ್ "ಗುಡ್" ಎಂದಿತು. ಎಣ್ಣೆಕಲೆಗೂ "ಗುಡ್". ಇದೇನು ಗ್ರಹಚಾರವೆಂದು ಮೋಹನ್‌ರಾಜ್ ಕ್ಯಾಮೆರಾದ ಕೆಳಗೆ ಬಗ್ಗಿದ. ಹಣೆಯ ಮೇಲೆ ಉದ್ದನೆಯ ಕುಂಕುಮ. "ಡ್ಯಾಮೇಜ್! ಡ್ಯಾಮೇಜ್!" ಎಂದು ಮಿಷಿನ್ ಬಡಕೊಂಡಿತು.

"ಇದೊಂದ್ನ ಸರಿಯಾಗಿ ಹಿಡೀತು ಸಾಮಿ!" ಪಿಸಿರು ಮೂಲೆಯಿಂದ ಚಿನ್ನತಾಯಿ ಕೂಗಿದಳು.

ನಂಜಪ್ಪನ್ ಮಾತ್ರ ನಗಲಿಲ್ಲ. ತೂತು ಕಂಡರೆ ಚೆಕಿಂಗ್‌ನವನ ಕೈ ತಾನಾಗಿ ಅದರ ಪಕ್ಕ ಕೆಂಪು ಬಾಣದ ಸ್ಟಿಕರ್ ಅಂಟಿಸುತ್ತದೆ. ಅವನೂ ಅಂಟಿಸಿಯೇ ಫೋಟೋ ತೆಗೆದಿದ್ದ. ಮಿಷಿನ್ ಕಲಿತದ್ದು ತೂತನ್ನಲ್ಲ, ಕೆಂಪನ್ನು. ಬೆಕ್ಕಿನ ಮೇಲಿದ್ದ ಹೇಸಿಗೆಯೆಲ್ಲ ಈಗ ತನ್ನ ಕೈಯ ಮೇಲೆಯೇ ಬಂತು.

"ಕತ್ರಿ ಅಲ್ಲಿ ಅದೆ, ಅಣ್ಣಾ," ಎಂದ ಮೋಹನ್‌ರಾಜ್, ಪಿಸಿರು ಮೂಲೆ ತೋರಿಸಿ, ಹಣೆ ಒರೆಸುತ್ತ.

"ಇರ್ಲಿ ತಂಬಿ. ಇದು ಕಲಿಯೋಗಂಟ ತೂತು ನೋಡೋರ್ಯಾರು? ನಿಮ್ಮ ಹಣೇನಾ?"

ಮೋಹನ್‌ರಾಜ್ ಆನೆಮರಿಯ ತೂತನ್ನೊಮ್ಮೆ ನೋಡಿದ. ಸ್ಟೂಲನ್ನು ಕಾಲಿಂದ ಚೆಕಿಂಗ್ ಟೇಬಲ್ಲಿನ ಕಡೆಗೆ ತಳ್ಳಿ ಹೋದ.

ನಂಜಪ್ಪನ್ ಕೂತು, ಫೋಟೋ ಮತ್ತೆ ತೆಗೆಯಲೆಂದು, ಕೆಟ್ಟ ಬಟ್ಟೆಗಳ ಮೊದಲ ಬಾಣವನ್ನು ಉಗುರಿನಿಂದ ಕಿತ್ತ. ಇನ್ನು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಉಗುರಿನಡಿ ಗೋಂದು, ಮೂಗಿಗೆ ಅದರ ವಾಸನೆ. ಫೋನಿನಲ್ಲಿ ಮೇಷ್ಟ್ರು "ಇದು ತುಂಬ ಸುಲಭ" ಎಂದ. ನಂಜಪ್ಪನ್ ಆ ಮುಖ ಕಾಣದಂತೆ ಫೋನನ್ನು ಬೋರಲು ಹಾಕಿದ. ಆದರೆ ಈ ಸಲ ಪಾಠವನ್ನು ಮುಂದಕ್ಕೆ ಓಡಿಸಲಿಲ್ಲ.